ಗೆದ್ದವಳ ಎರಡನೆಯ ವಾದ

ತುಂಗಭದ್ರೆಯ ದಂಡೆಯಲ್ಲಿ ಮುರಿಗೆಯ್ಯ ಗುರುಗಳ ಆಶ್ರಮ. ಅಲ್ಲಿ ವಾದಕ್ಕೆ ಒಂದು ಪೇಚಿನ ನಿಯಮವಿತ್ತು. ಬೆಳಿಗ್ಗೆ ಗೆದ್ದವರು ಸಂಜೆ ಸೋತವರ ಜಾಗದಲ್ಲಿ ಕೂತು, ಸೋತವರ ಪಕ್ಷವನ್ನೇ ಗೆಲ್ಲಿಸಬೇಕು. ಆಗದಿದ್ದರೆ ಬೆಳಗಿನ ಗೆಲುವೂ ಹೋಯಿತು.

ಅಂದು ಗೆದ್ದವಳು ಶಿಷ್ಯೆ ಶಾಂಭವಿ. ನಮಗಿಂತ ಬುದ್ಧಿವಂತ ಯಂತ್ರ ಬಂದರೆ ಮನುಷ್ಯಕುಲ ಉಳಿಯುವುದಿಲ್ಲ ಎಂಬುದು ಅವಳ ವಾದ.

"ಗುಬ್ಬಿಗಳ ಮೇಲೆ ನಮಗೇನು ದ್ವೇಷ ಇತ್ತು?" ಎಂದು ಕೇಳಿದ್ದಳು. "ನಮಗೆ ಬೇಕಾದ ಹಾಗೆ ಮನೆ ಕಟ್ಟಿಕೊಂಡ್ವಿ. ಅವುಗಳ ಗೂಡಿಗೆ ಜಾಗ ಉಳೀಲಿಲ್ಲ. ನಾಳೆ ಯಂತ್ರವೂ ನಮಗೆ ಹಂಗೇ ಮಾಡುತ್ತೆ."

ಮನುಷ್ಯ ಉಳಿಯುತ್ತಾನೆ ಎಂದು ಎದುರು ಕೂತು ವಾದಿಸುತ್ತಿದ್ದ ಕೊಟ್ರೇಶ ಸೋಲೊಪ್ಪಿಕೊಂಡ. ಮಧ್ಯಾಹ್ನ ಪಂಕ್ತಿಯಲ್ಲಿ ಎಲ್ಲರೂ ಅರ್ಧ ಊಟಕ್ಕೇ ಎದ್ದರು. ಎಲ್ಲರಿಗಿಂತ ಹೆಚ್ಚು ಹೆದರಿದ್ದವಳು ಗೆದ್ದವಳೇ.

ಅವಳು ಗುರುಗಳನ್ನು ಹುಡುಕಿಕೊಂಡು ಹೊಳೆಗೆ ಹೋದಳು.

"ಸಂಜೆ ನನ್ನ ಕೈಲಿ ಆಗಲ್ಲ ಗುರುಗಳೇ. ಮನುಷ್ಯ ಉಳೀತಾನೆ ಅನ್ನೋಕೆ ನನ್ನ ಹತ್ರ ಒಂದು ಮಾತೂ ಇಲ್ಲ. ನಾನು ಹೇಳಿದ್ದನ್ನ ನಾನೇ ನಂಬಿಬಿಟ್ಟೀನಿ."

"ಒಳ್ಳೇದೇ ಆಯ್ತಲ್ಲ. ನಂಬದೆ ಹೇಳೋರೇ ಜಾಸ್ತಿ."

ಅವಳಿಗೆ ಅಳು ಬಂತು. ಗುರುಗಳು ಹೊಳೆಯ ಕಡೆ ಕೈ ತೋರಿಸಿದರು. ಹರಿಗೋಲೊಂದು ಸೆಳವಿನಲ್ಲಿ ಬರುತ್ತಿತ್ತು. ಅದರ ಮುಂದೆ, ನೀರಿನ ನಡುವೆ ಒಂದು ಬಂಡೆ.

"ಆ ಬಂಡೆಗೆ ಕೂಗಿ ಹೇಳವ್ವ, ಸ್ವಲ್ಪ ಪಕ್ಕಕ್ಕೆ ಸರಿ ಅಂತ."

"ಬಂಡೆಗೆ ಕೇಳಿಸುತ್ತಾ ಗುರುಗಳೇ? ಕೂಗೋದಾದ್ರೆ ಅಂಬಿಗನಿಗೆ ಕೂಗಬೇಕು."

"ಹೌದಾ? ಮತ್ತೆ ಬೆಳಿಗ್ಗೆ ನೀನು ಕೂಗಿದ್ದು ಯಾರಿಗೆ?"

ಶಾಂಭವಿ ಹೊಳೆಯತ್ತ ತಿರುಗಿದಳು. ಅಂಬಿಗ ಹುಟ್ಟು ಹಾಕಿ ಬಂಡೆಯನ್ನು ಬಳಸಿಕೊಂಡು ಹೋಗುವವರೆಗೂ ನೋಡುತ್ತಾ ನಿಂತಳು. ಆಮೇಲೆ ಆಶ್ರಮದ ಕಡೆ ಓಡಿದಳು.

ಸಂಜೆ ಕೊಟ್ರೇಶನ ಜಾಗದಲ್ಲಿ ಕೂತು ಅವಳು ಹೇಳಿದ್ದು ಇಷ್ಟೇ.

"ಬೆಳಿಗ್ಗೆ ಅಪಾಯ ಇದೆ ಅಂದೆ. ಈಗಲೂ ಅದನ್ನೇ ಅಂತೀನಿ. ಆದರೆ ನಮ್ಮ ಮನೆಗಳನ್ನ ಗುಬ್ಬಿಗಳು ಕಟ್ಟಲಿಲ್ಲ. ಈ ಯಂತ್ರವನ್ನ ಕಟ್ಟುತ್ತಾ ಇರೋರು ನಾವೇ, ಹರಿಗೋಲಿನ ಹುಟ್ಟು ಇನ್ನೂ ನಮ್ಮ ಕೈಯಲ್ಲೇ ಇದೆ. ನೀವು ಕೇಳಿಸಿಕೊಳ್ಳಲ್ಲ ಅನ್ನೋದಾಗಿದ್ರೆ ನಾನು ಬೆಳಿಗ್ಗೆ ಬಾಯೇ ತೆರೀತಿರಲಿಲ್ಲ. ನಾವು ಉಳೀತೀವಿ. ಯಾಕಂದ್ರೆ ನಮಗೆ ಕೇಳಿಸಿದೆ."

ಮೊದಲು ಚಪ್ಪಾಳೆ ತಟ್ಟಿದವನು ಕೊಟ್ರೇಶ. ಆಮೇಲೆ ಇಡೀ ಆಶ್ರಮವೇ ತಟ್ಟಿತು. ಸಂಜೆಯ ವಾದವನ್ನೂ ಗೆದ್ದವರು ಅಲ್ಲಿ ಬಹಳ ವರ್ಷಗಳಿಂದ ಯಾರೂ ಇರಲಿಲ್ಲ. ಶಾಂಭವಿಗೆ ಹಿಡಿಸಲಾರದಷ್ಟು ಸಂತೋಷ. ನಗುತ್ತಲೇ ಕಣ್ಣೊರೆಸಿಕೊಂಡು ಗುರುಗಳ ಮುಂದೆ ನಿಂತಳು.

"ಎರಡೂ ಗೆದ್ದೆ ಗುರುಗಳೇ. ಈಗ ಹೇಳಿ, ಇವೆರಡರಲ್ಲಿ ನಿಜ ಯಾವುದು?"

"ಎರಡನ್ನೂ ಇನ್ನೂ ಯಾರೂ ನಿಜ ಮಾಡಿಲ್ಲವ್ವ. ಎಲ್ಲರೂ ಹೊಟ್ಟೆ ತುಂಬ ಉಂಡು ಮಲಗಿ, ಬೆಳಿಗ್ಗೆ ಎರಡನೇದನ್ನ ಶುರು ಮಾಡೋಣ."