ವರ್ತಕನ ಲಾಗು

"ಮೇಷ್ಟ್ರೇ, ನನ್ನ ಲಾಗನ್ನು ನನಗೆ ಬೇಕಾದ ಹಾಗೆ ಬರೆದುಕೊಂಡರೆ ಯಾರ ಗಂಟು ಹೋಗುತ್ತದೆ?" ಎಂದು ಮಂದಾಕಿನಿ ಕೇಳಿದಳು.

ಹವ್ಯಾಸಿಗಳು ದೂರದೂರದವರೊಂದಿಗೆ ರೇಡಿಯೊದಲ್ಲಿ ಮಾತಾಡಿ ಅಂಕ ಗಳಿಸುವ ಹ್ಯಾಮ್ ರೇಡಿಯೊ ಸ್ಪರ್ಧೆ ಮುಗಿದಿತ್ತು. ಯಾರೊಂದಿಗೆ ಯಾವಾಗ ಮಾತಾಡಿದೆ ಎಂದು ಕಂಪ್ಯೂಟರಿನಲ್ಲಿ ಬರೆದ ಲಾಗನ್ನು ಅವಳು ಕಳಿಸಿದ್ದಳು. ತೀರ್ಪುಗಾರರು ಅದನ್ನು ಹಿಂದಕ್ಕೆ ಕಳಿಸಿದ್ದರು. ಎಲ್ಲರೂ ಬರೆಯುವ ನಮೂನೆಯಲ್ಲಿಲ್ಲ, ಇಂದು ಸಂಜೆಯೊಳಗೆ ಸರಿಪಡಿಸಿ ಕಳಿಸಿ ಎಂದಿದ್ದರು.

"ಹೊಟ್ಟೆ ತುಂಬ ಬಡಿಸಿದರೂ ತಟ್ಟೆ ಚೌಕವಾಗಿಲ್ಲ ಎಂದು ಎದ್ದುಹೋದ ನೆಂಟರ ಹಾಗಾಯಿತು ಇವರದು," ಎಂದಳು. "ಅವರು ಕೇಳಿದ್ದಕ್ಕಿಂತ ಹೆಚ್ಚೇ ಬರೆದಿದ್ದೇನೆ. ಅಷ್ಟು ಗದ್ದಲದ ನಡುವೆ ಒಂದು ಸಣ್ಣ ದನಿ, ಬೇರೆ ಯಾರ ಕಿವಿಗೂ ಬೀಳದ್ದು, ನನಗೊಬ್ಬಳಿಗೇ ಸಿಕ್ಕಿತು. ಅದೂ ಲಾಗಿನಲ್ಲಿದೆ. ಬೇಡವಾದರೆ ಬಿಡಲಿ. ನಾನಂತೂ ಮತ್ತೆ ಕಳಿಸುವುದಿಲ್ಲ. ಬಹುಮಾನವನ್ನು ಅವರೇ ಇಟ್ಟುಕೊಳ್ಳಲಿ."

ಚನ್ನವೀರಪ್ಪ ಮೇಷ್ಟ್ರು ಅವಳಿಗೆ ರೇಡಿಯೊ ಕಲಿಸಿದವರು. ಬೆಸೆಯುತ್ತಿದ್ದ ತಂತಿಯನ್ನು ಕೆಳಗಿಟ್ಟರು. "ಕೂತುಕೋ," ಎಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನ ಆಂಟೆನಾ ಊರಿಗೇ ಎತ್ತರ. ಎಷ್ಟು ದೂರದ ದನಿಯೂ ಅವನಿಗೆ ಕೇಳಿಸುತ್ತಿತ್ತು. ಕಡಲ ನಡುವಿನ ದ್ವೀಪದಲ್ಲಿ ದೀಪಸ್ತಂಭದ ಕಾವಲುಗಾರನೊಬ್ಬನಿದ್ದ. ಅವನಲ್ಲಿದ್ದದ್ದು ತಾನೇ ಜೋಡಿಸಿಕೊಂಡ ಪುಟ್ಟ ರೇಡಿಯೊ. ಅವನು ಎಷ್ಟು ಕೂಗಿದರೂ ದನಿ ವರ್ತಕನೊಬ್ಬನಿಗೇ ಮುಟ್ಟುತ್ತಿತ್ತು.

ಮೊದಲೆಲ್ಲ ಸ್ಪರ್ಧೆಯಲ್ಲಿ ಒಬ್ಬೊಬ್ಬರ ಲಾಗು ಒಂದೊಂದು ರೀತಿ. ಒಬ್ಬ ಮೊದಲು ಹೊತ್ತು ಬರೆದರೆ ಇನ್ನೊಬ್ಬ ಮೊದಲು ಹೆಸರು ಬರೆಯುತ್ತಿದ್ದ. ಒಬ್ಬನ ಬೆಳಗು ಇನ್ನೊಬ್ಬನ ರಾತ್ರಿ. ತೀರ್ಪುಗಾರರು ತಿಂಗಳುಗಟ್ಟಲೆ ತಲೆ ಚಚ್ಚಿಕೊಂಡರೂ ಫಲಿತಾಂಶದಲ್ಲಿ ತಪ್ಪು ಉಳಿಯುತ್ತಿತ್ತು. ಕೊನೆಗೆ ಎಲ್ಲರೂ ಕೂಡಿ ಒಂದು ನಮೂನೆ ಒಪ್ಪಿಕೊಂಡರು. ಒಂದು ಮಾತುಕತೆಗೆ ಒಂದು ಸಾಲು. ಹೊತ್ತು ಎಲ್ಲರಿಗೂ ಒಂದೇ ಗಡಿಯಾರದ್ದು. ಯಾವುದರ ನಂತರ ಯಾವುದು ಎಂಬುದೂ ಎಲ್ಲರಿಗೂ ಒಂದೇ. ಆಗ ಕಂಪ್ಯೂಟರು ಇಬ್ಬರ ಲಾಗನ್ನೂ ಪಕ್ಕಪಕ್ಕ ಇಟ್ಟು ನೋಡುವಂತಾಯಿತು. ಇಬ್ಬರಲ್ಲೂ ಇದ್ದ ಮಾತುಕತೆಗೆ ಅಂಕ. ಒಬ್ಬನಲ್ಲಿ ಮಾತ್ರ ಇದ್ದರೆ, ಅದು ನಡೆಯಲೇ ಇಲ್ಲ ಎಂದು ತೀರ್ಮಾನ.

ವರ್ತಕನಿಗೆ ಇದು ಒಗ್ಗಲಿಲ್ಲ. ಅವನ ಲಾಗು ಅಂದವಾಗಿತ್ತು. ತನ್ನೂರಿನ ಹೊತ್ತು, ಮಾತಾಡಿದವರ ಪೂರ್ತಿ ಹೆಸರು, ಅಂದಿನ ಗಾಳಿ ಮೋಡ ಎಲ್ಲವೂ ಅದರಲ್ಲಿತ್ತು. ತೀರ್ಪುಗಾರರು ಬದಲಿಸಿ ಕಳಿಸಿ ಎಂದರು. "ಓದಲು ಬಾರದವರಿಗಾಗಿ ನನ್ನ ಬರಹ ಕೆಡಿಸಿಕೊಳ್ಳಲಾರೆ. ನನಗೆ ಬಹುಮಾನವೇ ಬೇಡ," ಎಂದ. ಆಸೆಯಿಲ್ಲದ ಮನುಷ್ಯ ಎಂದು ಊರವರು ಹೊಗಳಿದರು. ಅವನಿಗೂ ಹೌದೆನಿಸಿತು.

ಫಲಿತಾಂಶ ಬಂತು. ಕಾವಲುಗಾರನ ಹೆಸರಿನ ಮುಂದೆ ಸೊನ್ನೆ ಇತ್ತು. ಅವನು ನಮೂನೆಯಂತೆಯೇ ಬರೆದಿದ್ದ. ಒಂದು ತಪ್ಪೂ ಇರಲಿಲ್ಲ. ಆದರೆ ವರ್ತಕನ ಕಡೆಯಿಂದ ಸಾಕ್ಷಿ ಇರಲಿಲ್ಲ. ಯಾರೊಂದಿಗೂ ಮಾತಾಡದೆ ಮಾತಾಡಿದೆನೆಂದು ಬರೆದವನು ಎಂದು ಜನ ಆಡಿಕೊಂಡರು.

ಕಾವಲುಗಾರ ರೇಡಿಯೊದಲ್ಲಿ ವರ್ತಕನನ್ನು ಕರೆದ.

"ಸ್ವಾಮೀ, ಅವತ್ತು ನನ್ನ ದನಿ ನಿಮಗೆ ಕೇಳಿಸಿತ್ತಲ್ಲವೇ?"

"ಕೇಳಿಸಿತ್ತಪ್ಪಾ, ಚೆನ್ನಾಗಿಯೇ ಕೇಳಿಸಿತ್ತು. ಬರೆದೂ ಇಟ್ಟಿದ್ದೇನೆ."

"ಬರೆದದ್ದು ನಿಮ್ಮ ಮನೆಯಲ್ಲೇ ಉಳಿಯಿತಲ್ಲ ಸ್ವಾಮೀ," ಎಂದ ಕಾವಲುಗಾರ.

ಆಮೇಲೆ ಅವನು ಯಾರನ್ನೂ ಕರೆಯಲಿಲ್ಲ. ವರ್ತಕ ಆಂಟೆನಾವನ್ನು ದ್ವೀಪದ ಕಡೆಗೇ ತಿರುಗಿಸಿ ಬಹಳ ಕಾಲ ಕಿವಿಗೊಟ್ಟು ಕೂತ. ಬರೀ ಗೊರಗೊರ ಸದ್ದು ಬರುತ್ತಿತ್ತು.

ಮೇಷ್ಟ್ರು ಇಲ್ಲಿಗೆ ನಿಲ್ಲಿಸಿದರು. ಮಂದಾಕಿನಿಗೆ ಒಳಗೆಲ್ಲೋ ಚುಚ್ಚಿತು. ಆದರೆ ಸೋಲೊಪ್ಪಿಕೊಳ್ಳಲು ಬಾಯಿ ಬರಲಿಲ್ಲ.

"ಎಷ್ಟಾದರೂ ಆ ವರ್ತಕ ಬಿಟ್ಟುಕೊಟ್ಟದ್ದು ತನ್ನ ಬಹುಮಾನವನ್ನು ತಾನೇ, ಮೇಷ್ಟ್ರೇ?" ಎಂದಳು.

ಮೇಷ್ಟ್ರು ಕೆಳಗಿಟ್ಟ ತಂತಿಯನ್ನು ಮತ್ತೆ ಕೈಗೆತ್ತಿಕೊಂಡರು.

"ನಿನಗೊಬ್ಬಳಿಗೇ ಕೇಳಿಸಿತು ಎಂದೆಯಲ್ಲ ತಾಯಿ, ಆ ದನಿ ಯಾರದು?"