ನಲವತ್ನಾಲ್ಕು ಮತ

“ಗುರುಗಳೇ, ಸೋಲುತ್ತೇನೆ ಎಂದು ತಿಳಿದೂ ಚುನಾವಣೆಗೆ ನಿಲ್ಲುವವರು ಹುಚ್ಚರಲ್ಲವೆ?” ಎಂದು ಅಡವಯ್ಯ ಕೇಳಿದ.

ಅಡವಯ್ಯ ಮಠಕ್ಕೆ ಸೇರಿದ ಹೊಸ ಶಿಷ್ಯ. ಪಕ್ಕದ ಊರಿನ ಪಂಚಾಯತಿ ಚುನಾವಣೆಯಲ್ಲಿ ಒಬ್ಬನಿಗೆ ಮೂರೇ ಮತ ಬಿದ್ದಿದ್ದವು. ಜನ ಅವನನ್ನು ಕಂಡು ನಗುತ್ತಿದ್ದರು. ಅಡವಯ್ಯನೂ ನಕ್ಕು ಬಂದಿದ್ದ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು:

ಒಂದು ಊರು. ಆ ಊರಿಗೆ ದೊಡ್ಡ ಚುನಾವಣೆಗಳಿಗೆಲ್ಲ ಮತಪೆಟ್ಟಿಗೆ ಬರುತ್ತಿತ್ತು. ತನ್ನದೇ ಪಂಚಾಯತಿಗೆ ಮಾತ್ರ ಮೂವತ್ತು ವರ್ಷಗಳಿಂದ ಬಂದಿರಲಿಲ್ಲ. ಚುನಾವಣೆ ಗೊತ್ತಾದ ಕೂಡಲೇ ಹತ್ತು ಮಂದಿ ಹಿರಿಯರು ಚಾವಡಿಯಲ್ಲಿ ಸೇರುತ್ತಿದ್ದರು. ಒಂದು ಹೆಸರು ಹೇಳುತ್ತಿದ್ದರು. ಬೇರೆ ಯಾರೂ ನಾಮಪತ್ರ ಹಾಕುತ್ತಿರಲಿಲ್ಲ. ಆ ಹೆಸರು ದ್ಯಾವನಗೌಡನದು. ಮೀಸಲಾತಿ ಬಂದ ವರ್ಷ ದ್ಯಾವನಗೌಡ ತೋರಿಸಿದವರದು. ‘ಜಗಳವಿಲ್ಲದ ಊರು’ ಎಂದು ಸುತ್ತಲಿನವರು ಹೊಗಳುತ್ತಿದ್ದರು.

ಗೌಡ ಕೆಟ್ಟವನಲ್ಲ. ಕಷ್ಟ ಎಂದು ಬಂದವರಿಗೆ ಇಲ್ಲ ಎಂದವನಲ್ಲ. ಆದರೆ ಬರುವುದಕ್ಕೆ ಧೈರ್ಯವಿಲ್ಲದವರು ಊರಿನಲ್ಲಿದ್ದಾರೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಇಡೀ ಊರು ತನ್ನ ಕಡೆ ಎಂದು ಅವನು ಮನಸಾರೆ ನಂಬಿದ್ದ.

ಅದೇ ಊರಿನ ಕಡೆಯ ಓಣಿಯಲ್ಲಿ ಹುಲಿಗೆವ್ವ ಎಂಬ ಹೆಂಗಸು ಇದ್ದಳು. ಕೌದಿ ಹೊಲಿಯುವುದು ಅವಳ ಕಸುಬು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಹೊದಿಕೆ ಮಾಡಿ ಕೊಡುತ್ತಿದ್ದಳು. ನೀರಿನ ನಲ್ಲಿ ಗೌಡರ ಓಣಿಯವರೆಗೆ ಬಂದು ನಿಂತಿತ್ತು. ಕಡೆಯ ಓಣಿಯವರು ಕಾಲುವೆಯಿಂದ ಹೊತ್ತು ತರುತ್ತಿದ್ದರು.

ಒಂದು ದಿನ ಪಂಚಾಯತಿಯ ಜವಾನ ದೊಡ್ಡ ಪುಸ್ತಕ ಹಿಡಿದು ಅವಳ ಬಾಗಿಲಿಗೆ ಬಂದ. ಹೆಬ್ಬೆಟ್ಟು ಒತ್ತು ಎಂದ. ಅವನು ವರ್ಷಕ್ಕೆ ಎರಡು ಸಲ ಬರುತ್ತಿದ್ದ. ಅವಳು ಒತ್ತುತ್ತಿದ್ದಳು. ಅಂದು ಏಕೋ ಕೇಳಿದಳು:

“ಇದು ಏನು ಪುಸ್ತಕ ತಮ್ಮಾ?”

“ಗ್ರಾಮಸಭೆದು. ನೀನು ಸಭೆಗೆ ಬಂದಿದ್ದಿ ಅಂತ.”

“ನಾ ಯಾವ ಸಭೆಗೂ ಬಂದಿಲ್ಲಲ್ಲ. ಬಂದು ಏನು ಮಾತಾಡಿದೆ ಅಂತ ಬರೆದಾರ?”

ಜವಾನ ನಕ್ಕ. “ಎಲ್ಲಾದಕ್ಕೂ ಒಪ್ಪಿಗಿ ಅಂತ ಬರೆದಾರವ್ವ.”

ಅವನು ಹೋದ ಮೇಲೆ ಹುಲಿಗೆವ್ವನ ಕೈಗೆ ಸೂಜಿ ಹತ್ತಲಿಲ್ಲ. ನಾನು ಬಾಯಿ ಬಿಡದೆ ಎಷ್ಟು ವರ್ಷ ಒಪ್ಪಿಕೊಂಡು ಬಂದೆ ಎಂದು ಲೆಕ್ಕ ಹಾಕಿದಳು. ನಲ್ಲಿ ತನ್ನ ಓಣಿಗೆ ಬಾರದೆ ಇದ್ದುದಕ್ಕೂ ತಾನೇ ಒಪ್ಪಿಗೆ ಕೊಟ್ಟಿದ್ದೇನೆ ಎಂದು ಹೊಳೆದಾಗ ಅವಳಿಗೆ ನಾಚಿಕೆಯಾಯಿತು. ಸಿಟ್ಟು ಬಂದದ್ದು ಆಮೇಲೆ.

ಆ ವರ್ಷ ಚುನಾವಣೆ ಬಂತು. ಚಾವಡಿಯಲ್ಲಿ ಗೌಡನ ಹೆಸರು ಹೇಳಿ ಆಯಿತು. ಹುಲಿಗೆವ್ವ ಹೋಗಿ ನಾಮಪತ್ರ ಹಾಕಿದಳು. ಅದಕ್ಕೆ ಸೂಚಕರೊಬ್ಬರು ಸಹಿ ಮಾಡಬೇಕಿತ್ತು. ಕಮ್ಮಾರ ಮೌನೇಶಪ್ಪ ಮಾಡಿದ. ಹಿರಿಯರು ಅವನ ಕುಲುಮೆಗೆ ಹೋಗಿ ಗದರಿಸಿದರು. ಅವನು ತಿದಿ ಒತ್ತುವುದನ್ನು ನಿಲ್ಲಿಸದೆಯೇ, “ಅಕಿ ನಿಲ್ಲಲಿ ಅಂತ ಸಹಿ ಮಾಡೀನಿ. ಗೆಲ್ಲಲಿ ಅಂತ ಎಲ್ಲಿ ಬರೆದೀನಿ ತೋರಸ್ರಿ” ಎಂದ. ಬಂದವರು ಬಂದ ದಾರಿ ಹಿಡಿದರು.

ಮರುದಿನ ಹುಲಿಗೆವ್ವನಿಗೆ ಚಾವಡಿಯಿಂದ ಕರೆ ಬಂತು.

ಗೌಡ ಮೆಲ್ಲಗೇ ಕೇಳಿದ: “ಮೂವತ್ತು ವರ್ಷದ ಒಗ್ಗಟ್ಟು ಇದು. ಒಡೀಬೇಕು ಅಂತೀ ಏನವ್ವಾ?”

ಹುಲಿಗೆವ್ವ ಸೆರಗು ಹೊದ್ದು ನಿಂತೇ ಹೇಳಿದಳು: “ಇಲ್ಲರೀ ಗೌಡ್ರ. ಜನ ನಿಮ್ಮನ್ನೇ ಆರಿಸಲಿ. ಆದರ ಒಂದು ಸಲ ಅವರನ್ನ ಕೇಳ್ರಿ.”

ನಾಮಪತ್ರ ಹಿಂದಕ್ಕೆ ಪಡೆಯುವ ಕಡೆಯ ದಿನ ಕಳೆಯಿತು. ಅವಳು ಪಡೆಯಲಿಲ್ಲ. ಅಂದಿನಿಂದ ಊರಿನವರು ಅವಳ ಓಣಿಗೆ ಒಬ್ಬೊಬ್ಬರಾಗಿ ಬಂದರು. ಮತ ಕೊಡುತ್ತೇವೆ ಎನ್ನಲು ಅಲ್ಲ. ಹೊಲಿಯಲು ಕೊಟ್ಟಿದ್ದ ಸೀರೆಗಳನ್ನು ವಾಪಸು ಕೇಳಲು. ಒಬ್ಬಳು ಅರ್ಧ ಹೊಲಿದ ಕೌದಿಯನ್ನೇ ಸುತ್ತಿಕೊಂಡು ಹೋದಳು. ಹೋಗುವಾಗ ಹುಲಿಗೆವ್ವನ ಮುಖ ನೋಡಲಿಲ್ಲ. ಹುಲಿಗೆವ್ವ ಸೂಜಿಯಲ್ಲಿದ್ದ ದಾರವನ್ನು ಕಡಿದು ಕೊಟ್ಟಳು. ಜೋಳದ ಗಡಿಗೆ ಬರಿದಾಯಿತು. ನೆರೆಮನೆಯವರು ಒಂದು ಹೊತ್ತು ರೊಟ್ಟಿ ಕೊಟ್ಟರು.

ಅವಳು ಮನೆಮನೆಗೆ ಹೋಗಿ ಮತ ಕೇಳಿದಳು. ಬಾಗಿಲು ಮುಚ್ಚಿದ ಕಡೆ ಹೊರಗೇ ನಿಂತು, “ನನಗ ಹಾಕದಿದ್ದರೂ ಪರವಾಯಿಲ್ಲ, ಬಂದು ಹಾಕ್ರಿ” ಎಂದಳು.

ಮತದಾನದ ದಿನ ಊರಿನ ಶಾಲೆಗೆ ಪೆಟ್ಟಿಗೆ ಬಂತು. ಸಾಲು ರಸ್ತೆಯವರೆಗೆ ಬೆಳೆಯಿತು. ಕಣ್ಣು ಕಾಣದ ಮುದುಕಿಯೊಬ್ಬಳು ಸೊಸೆಯ ಹೆಗಲು ಹಿಡಿದು ಬಂದಳು. ಹುಲಿಗೆವ್ವ ಸಾಲಿನಲ್ಲಿ ನಿಂತಳು. ಅವಳ ಹಿಂದೆ ಮುಂದೆ ನಿಂತವರು ಮಾತಾಡಲಿಲ್ಲ. ಒಳಗೆ ಹೋಗಿ ತನ್ನ ಹೆಸರಿನ ಎದುರಿದ್ದ ಏಣಿಯ ಚಿತ್ರಕ್ಕೆ ಮುದ್ರೆ ಒತ್ತಿದಳು. ನನ್ನದೊಂದು, ಮೌನೇಶಪ್ಪನದೊಂದು ಎಂದುಕೊಂಡು ಹೊರಗೆ ಬಂದಳು.

ಎಣಿಕೆ ತಾಲ್ಲೂಕು ಕಚೇರಿಯಲ್ಲಿ ನಡೆಯಿತು. ಗೌಡನಿಗೆ ಮುನ್ನೂರ ಅರವತ್ತೊಂದು. ಹುಲಿಗೆವ್ವನಿಗೆ ನಲವತ್ನಾಲ್ಕು. ಗೌಡನ ಕಡೆಯವರು ಗುಲಾಲು ಎರಚಿದರು. ಹುಲಿಗೆವ್ವ ಅಧಿಕಾರಿಯ ಮೇಜಿನ ಹತ್ತಿರ ಹೋಗಿ, “ಇನ್ನೊಮ್ಮೆ ನೋಡ್ರಿ ಸಾಹೇಬ್ರ, ಅದು ನಂದೇ ಏನ್ರಿ?” ಎಂದು ಕೇಳಿದಳು. ಅವನು ಹೌದು ಎಂದ. ಅವಳ ಓಣಿಯಲ್ಲಿ ಇದ್ದ ಮತಗಳೇ ಹದಿನೆಂಟು. ಅವಳು ಅಲ್ಲೇ ಗೋಡೆಗೆ ಒರಗಿ ಅತ್ತಳು. ಸೋತು ಅಳುತ್ತಿದ್ದಾಳೆ ಎಂದು ಜನ ತಿಳಿದರು.

ಗೌಡ ಗುಲಾಲು ಹಚ್ಚಿಕೊಂಡೇ ಮನೆಗೆ ಬಂದ. ಊಟಕ್ಕೆ ಕುಳಿತವನು ಲೆಕ್ಕ ಹಾಕತೊಡಗಿದ. ಕಡೆಯ ಓಣಿಯವರೆಲ್ಲ ಅವಳಿಗೇ ಹಾಕಿದರೂ ಹದಿನೆಂಟು. ಉಳಿದ ಇಪ್ಪತ್ತಾರು ಮಂದಿ ಯಾರು? ದಿನಾ ನಮಸ್ಕಾರ ಮಾಡುವವರಲ್ಲಿ ಯಾರು? ಅವನ ಕಡೆಯವರು, ನಾವು ಹುಡುಕಿ ಕೊಡುತ್ತೇವೆ ಎಂದರು. ಒಬ್ಬೊಬ್ಬರೂ ತಮಗೆ ಆಗದವರ ಹೆಸರು ಬರೆಸಿದರು. ಇಪ್ಪತ್ತಾರು ಮಂದಿಯನ್ನು ಹುಡುಕಲು ಹೋದವರು ನೂರ ಹತ್ತು ಹೆಸರಿನ ಪಟ್ಟಿ ತಂದರು. ಅದರಲ್ಲಿ ಗೌಡನ ಸ್ವಂತ ತಮ್ಮನ ಹೆಸರೂ ಇತ್ತು.

ಗೌಡ ಪಟ್ಟಿಯನ್ನು ಕಡೆಯವರೆಗೆ ಓದಿದ. ಹರಿದು ಒಲೆಗೆ ಹಾಕಿದ.

ಮರುದಿನ ಬೆಳಿಗ್ಗೆ ಒಬ್ಬನೇ ಕಡೆಯ ಓಣಿಗೆ ನಡೆದು ಹೋದ. ಹುಲಿಗೆವ್ವ ಗಾಬರಿಯಾಗಿ ಎದ್ದು ನಿಂತಳು. ಅವನು ಕಟ್ಟೆಯ ಮೇಲೆ ಕುಳಿತು, ಕುಡಿಯಲು ನೀರು ಕೇಳಿದ. ಅವಳು ತಂದು ಕೊಟ್ಟಳು. ತಂಬಿಗೆಯ ತಳದಲ್ಲಿ ಕೆಸರು ನಿಂತಿತ್ತು.

“ಇದು ಎಲ್ಲಿ ನೀರು?”

“ಕಾಲುವೀದು ಗೌಡ್ರ. ನಾವು ಇದನ್ನೇ ಕುಡಿಯೋದು.”

ಮೂವತ್ತು ವರ್ಷದಲ್ಲಿ ಅವನು ಆ ಓಣಿಯ ನೀರು ಕುಡಿದಿರಲಿಲ್ಲ. ಅಂದು ಪೂರ್ತಿ ಕುಡಿದ. ತಂಬಿಗೆ ಕೆಳಗಿಟ್ಟು, ಯಾರು ಯಾರು ನಿನಗೆ ಮತ ಹಾಕಿದರು ಎಂದು ಕೇಳಲೆಂದೇ ಬಂದವನು, ಕೇಳದೆ ಎದ್ದು ಹೋದ.

ಆಮೇಲೆ ಆ ಊರಿನಲ್ಲಿ ಗ್ರಾಮಸಭೆ ಕೂಡಿತು. ಪುಸ್ತಕ ಮನೆಮನೆಗೆ ಹೋಗಲಿಲ್ಲ. ಜನ ಪುಸ್ತಕ ಇದ್ದಲ್ಲಿಗೆ ಬಂದರು. ಮೊದಲ ಸಭೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಎರಡನೆಯದರಲ್ಲಿ ಎಲ್ಲರೂ ಒಟ್ಟಿಗೇ ಮಾತಾಡಿದರು. ಗೌಡ ಕೈಮುಗಿದು ಸುಮ್ಮನಿರಿಸಬೇಕಾಯಿತು. ಮೂರನೆಯ ಸಭೆಯ ಹೊತ್ತಿಗೆ ನಲ್ಲಿ ಕಡೆಯ ಓಣಿಗೆ ಬಂದಿತ್ತು. ಗೌಡ ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬರನ್ನೂ ನಿಲ್ಲಿಸಿ ಏನು ಬೇಕು, ಏನು ಬೇಡ ಎಂದು ಕೇಳತೊಡಗಿದ. ಮೊದಮೊದಲು ಅನುಮಾನದಿಂದ ಕೇಳುತ್ತಿದ್ದ. ಕೇಳುತ್ತ ಕೇಳುತ್ತ ಅದು ಅವನ ಗುಣವೇ ಆಯಿತು.

ಹುಲಿಗೆವ್ವ ಮತ್ತೆ ಕೌದಿ ಹೊಲಿದಳು. ಸೀರೆ ವಾಪಸು ಒಯ್ದವರೇ ತಂದು ಕೊಟ್ಟರು. ಹಾಗೆ ತಂದವರು ಅತ್ತ ಇತ್ತ ನೋಡಿ, ಬಾಗಿ, “ನಾ ಅವತ್ತು ನಿನಗೇ ಹಾಕಿದ್ದೆ” ಎಂದು ಕಿವಿಯಲ್ಲಿ ಹೇಳುತ್ತಿದ್ದರು. ನಲವತ್ನಾಲ್ಕು ಮತ ಬಿದ್ದವಳಿಗೆ ಇನ್ನೂರು ಮಂದಿಯಾದರೂ ಹಾಗೆ ಹೇಳಿರಬೇಕು. ಹುಲಿಗೆವ್ವ ಒಬ್ಬರಿಗೂ ಸುಳ್ಳು ಎನ್ನಲಿಲ್ಲ. ಎಲ್ಲರಿಗೂ ಕೈಮುಗಿದಳು.

ಗುರುಗಳು ಕತೆ ನಿಲ್ಲಿಸಿದರು. ಅಡವಯ್ಯನಿಗೆ ತಡೆಯಲಾಗಲಿಲ್ಲ.

“ನಿಜವಾಗಿ ಆ ನಲವತ್ನಾಲ್ಕು ಮಂದಿ ಯಾರು, ಗುರುಗಳೇ?”

“ಅದು ಯಾರಿಗೂ ತಿಳಿಯದೆ ಇರುವುದರಿಂದಲೇ, ಅಡವಯ್ಯಾ, ಆ ಊರಿನಲ್ಲಿ ಎಲ್ಲರಿಗೂ ಮರ್ಯಾದೆ ಸಿಗುತ್ತಿದೆ.”

ಅಡವಯ್ಯ ಎದ್ದು, ಮೂರು ಮತ ಬಿದ್ದವನನ್ನು ಕಾಣಲು ಪಕ್ಕದ ಊರಿನ ದಾರಿ ಹಿಡಿದ.