ಮೂವರ ಕುಡಿಕೆ

ಹೊಳೆದಂಡೆಯ ಆಶ್ರಮದ ಮರುಳಯ್ಯ ಗುರುಗಳಿಗೆ ವಯಸ್ಸಾಗಿತ್ತು. ಪೀಠವನ್ನು ಕೇತಪ್ಪ, ಸೋವಣ್ಣ, ಹಂಪಣ್ಣ ಎಂಬ ಮೂವರು ಶಿಷ್ಯರಲ್ಲಿ ಒಬ್ಬನಿಗೆ ಒಪ್ಪಿಸಬೇಕಿತ್ತು. ಅವರನ್ನು ಆಟಕ್ಕೆ ಕೂರಿಸಿದರು.

"ತಲಾ ಇಪ್ಪತ್ತು ಗುಲಗಂಜಿ. ದಿನವೂ ಒಬ್ಬೊಬ್ಬರು ಒಂದು ಹೊಸ ನಿಯಮ ಹೇಳಿ. ಎಲ್ಲರೂ ಒಪ್ಪಿದರೆ ಹೇಳಿದವನಿಗೆ ಹತ್ತು. ಆಟಕ್ಕೆ ಬಾರದವನಿಗೆ ಹತ್ತು ಖೋತಾ. ನೂರು ಮುಟ್ಟಿದವನಿಗೆ ಪೀಠ."

"ಇದೇನು ಅಯ್ಯಾ, ಮಕ್ಕಳಾಟ?" ಎಂದ ಕೇತಪ್ಪ.

"ನಾಳೆ ಇಲ್ಲಿ ನಿಯಮ ಮಾಡುವವನನ್ನು ಇವತ್ತೇ ನೋಡಿಬಿಡೋಣ ಅಂತ."

ಮೊದಲ ನಿಯಮ ಕೇತಪ್ಪನದೇ. "ಒಂದು ಗುಲಗಂಜಿಯೂ ಇಲ್ಲದವನು ಆಶ್ರಮದಲ್ಲಿ ಇರಕೂಡದು."

ಮೂವರೂ ನಗುತ್ತಲೇ ಒಪ್ಪಿದರು. ಆಮೇಲೆ ಒಬ್ಬರ ಮಾತನ್ನು ಒಬ್ಬರು ಒಪ್ಪಲಿಲ್ಲ. ಆಟ ಕೆಸರಿಗೆ ಬಿದ್ದ ಬಂಡಿಯಂತೆ ನಿಂತುಬಿಟ್ಟಿತು.

ಆಗ ಕೇತಪ್ಪ ಒಂದು ಕುಡಿಕೆ ತಂದ. "ಕರಾರು ಮಾಡಿಕೊಳ್ಳೋಣ. ಕೈಯಲ್ಲಿ ಇಪ್ಪತ್ತು ಉಳಿಸಿಕೊಂಡು ಮಿಕ್ಕಿದ್ದನ್ನು ಇದಕ್ಕೆ ಹಾಕೋಣ. ಕೈಯ ಇಪ್ಪತ್ತು ಬಿಟ್ಟು, ಕುಡಿಕೆಯಷ್ಟೇ ನನ್ನ ಲೆಕ್ಕಕ್ಕೆ. ನಾನು ಗೆದ್ದರೆ ಪೀಠದಲ್ಲಿ ಮೂವರೂ ಸರಿಸಮಾನರು. ಯಾರ ಕೈ ಬರಿದಾದರೂ ಇದರಿಂದ ಕೊಡುವುದು. ಆದರೆ ಕೊಡಲು ಮೂವರೂ ಒಪ್ಪಬೇಕು."

"ನೀನು ಅರಮನೆಯಲ್ಲಿ ಹುಟ್ಟಬೇಕಿತ್ತು ಕಣೋ," ಎಂದ ಸೋವಣ್ಣ. ಹಂಪಣ್ಣ ಏನೂ ಕೇಳದೆ ಒಪ್ಪಿದ.

ಅಂದಿನಿಂದ ಒಬ್ಬರ ನಿಯಮವನ್ನು ಉಳಿದಿಬ್ಬರು ಒಪ್ಪತೊಡಗಿದರು. ಕುಡಿಕೆ ತೊಂಬತ್ತಕ್ಕೆ ಬಂದಾಗ ಹಂಪಣ್ಣನಿಗೆ ಜ್ವರ ಹತ್ತಿತು. ಎರಡು ದಿನ ಏಳಲಾಗಲಿಲ್ಲ. ಇಪ್ಪತ್ತೂ ಹೋಯಿತು. ಅವನಿಲ್ಲದೆ ಯಾವ ನಿಯಮಕ್ಕೂ ಎಲ್ಲರ ಒಪ್ಪಿಗೆ ಸಿಗಲಿಲ್ಲ.

ಮೂರನೆಯ ದಿನ ಗೋಡೆ ಹಿಡಿದುಕೊಂಡು ಬಂದ. "ಹತ್ತು ಕೊಡಪ್ಪಾ, ಕೇತಪ್ಪ."

ಸೋವಣ್ಣ ಆಗಲಿ ಎಂದು ತಲೆಯಾಡಿಸಿದ. ಕೇತಪ್ಪ ಹೊಳೆಯ ಕಡೆ ನೋಡುತ್ತ ನಿಂತ. ಇನ್ನು ಹತ್ತು ಬಂದರೆ ನೂರು. ಈಗ ಕೊಟ್ಟರೆ ಮತ್ತೆ ಎಂಬತ್ತು. ಬೇಡವೆಂದು ಅವನು ಹೇಳಲಿಲ್ಲ. ಹೂಂ ಎಂದೂ ಹೇಳಲಿಲ್ಲ.

ಹಂಪಣ್ಣ ಸ್ವಲ್ಪ ಹೊತ್ತು ಕಾದ. ಆಮೇಲೆ ಕಂಬಳಿ ಹೊದ್ದು, ನಡುಗುತ್ತ ಹರಿಗೋಲು ಹತ್ತಿದ. ಆಚೆ ದಡದಲ್ಲಿ ಅವನಿಗೆ ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಉಳಿದ ಇಬ್ಬರೇ ಒಂದು ನಿಯಮ ಒಪ್ಪಿದರು, ಕುಡಿಕೆಯಲ್ಲಿ ನೂರು ತುಂಬಿತು. ಕೇತಪ್ಪ ಅದನ್ನು ಗುರುಗಳ ಮುಂದಿಟ್ಟ.

"ಕರಾರು ಮುರಿದೆಯಾ?"

"ಒಂದಕ್ಷರವೂ ಇಲ್ಲ, ಅಯ್ಯಾ."

"ಹಾಗಾದರೆ ಪೀಠ ನಿನ್ನದು." ಗುರುಗಳು ಎದ್ದರು. ಊರುಗೋಲು ತೆಗೆದುಕೊಂಡು ಹರಿಗೋಲಿನ ಕಡೆ ನಡೆದರು.

ಕೇತಪ್ಪ ಕುಡಿಕೆ ಎತ್ತಿಕೊಂಡು ಬೆನ್ನ ಹಿಂದೆ ಓಡಿದ. "ಎಲ್ಲಿಗೆ ಅಯ್ಯಾ?"

"ನನ್ನ ಹತ್ತಿರ ಒಂದು ಗುಲಗಂಜಿಯೂ ಇಲ್ಲವಲ್ಲ."

"ಆ ನಿಯಮ ನಿಮಗಲ್ಲ!"

"ನನ್ನನ್ನು ಬಿಟ್ಟು ಅಂತ ನೀನು ಹೇಳಲಿಲ್ಲ."

ಕೇತಪ್ಪ ಕುಡಿಕೆಗೆ ಕೈ ಹಾಕಿ ಬೊಗಸೆ ತುಂಬಿಕೊಂಡ. "ತೊಗೊಳ್ಳಿ ಅಯ್ಯಾ. ಎಷ್ಟು ಬೇಕಾದರೂ ತೊಗೊಳ್ಳಿ. ಸೋವಣ್ಣನೂ ಒಪ್ಪುತ್ತಾನೆ."

ಗುರುಗಳು ಹರಿಗೋಲಿನಲ್ಲಿ ಒಂದು ಕಾಲಿಟ್ಟು ತಿರುಗಿ ನೋಡಿದರು.

"ಹಂಪಣ್ಣನನ್ನು ಕೇಳಿದೆಯಾ, ಮಗೂ?"